ಹಾಸು

"ಎಷ್ಟು ಮೊಳ ಬೇಕ್ರಿ?" ಅಂದೆ. ರೂಢಿ ಬಿಡಂಗಿಲ್ಲ ನಾಲಿಗಿ.
ನಾರಾಯಣಸಾ ಗಾಳಿಯೊಳಗ
ಎರಡೂ ಅಂಗೈ ಎತ್ತಿ ಒಂದು ತಂಬಿಗಿ ಹಿಡಿದು ತೋರಿಸಿದ.
"ಇಷ್ಟ ಆಗ್ಯಾಳ್ರಿ ಅವ್ವ.
ತಂಗಿ ಸೊಲ್ಲಾಪುರ ಗಾಡಿಗೆ ಬರತಾಳ, ಮುಖ ಸಿಗಲಿಲ್ಲ ಅಕಿಗೆ.
ನೋಡಾಕ ಏನರ ಒಂದು ಇರಬೇಕಲ್ರಿ."

ನಾವು ಹೂಗಾರರು. ನಮ್ಮ ಕಡೆ ಸತ್ತೋರು
ವಿಮಾನದೊಳಗ ಕುಂತ ಹೋಗತಾರ.
ಅವರಿಗೆ ಕೊರಳಿರತೈತಿ, ಭುಜ ಇರತಾವ,
ಮಾಲಿ ಎಲ್ಲಿತನಕ ಇಳೀಬೇಕು ಅಂತ ಮೈ ಹೇಳತೈತಿ.
ತೊಡಿ ಮ್ಯಾಲಿನ ಕೈಯಾಗ ಒಂದು ಗುಲಾಬಿ ಇಟ್ಟರ
ಈಗ ಎತ್ತಿ ಮೂಸತಾರೇನೋ ಅನ್ನಸತೈತಿ.
ಇಪ್ಪತ್ತೆರಡು ವರ್ಷ ಬೆಟಗೇರಿ ಸಂತಿಯೊಳಗ ಕುಂತೀನಿ,
ಕಾರಿನ ಮೂತಿಗೆ ಕಟ್ಟೀನಿ, ಹೊಸ ಬೋರಿನ ಪೈಪಿಗೆ ಕಟ್ಟೀನಿ.
ಇದಕ್ಕ ಕಟ್ಟಿಲ್ಲ.

ಅಸ್ಥಿ ಒಳಗ ತರಂಗಿಲ್ಲ. ಅಂಗಳದ ಬೇವಿನ ಟೊಂಗಿಗೆ ತೂಗಬಿಟ್ಟಿದ್ದರು.
ಇಳಿಸಿ, ಉದ್ದನ್ನ ಹಲಗಿ ಮ್ಯಾಲೆ ಇಟ್ಟು,
ಮಗ ಅತ್ತಾಗ ಸರದು ನಿಂತ.
ತಾಮ್ರದ ತಂಬಿಗಿ. ಕಂಠಕ್ಕ ಬಿಳಿ ಅರಿವಿ ಬಿಗದಾರ.
ಕಂಠ ಅಂತೀವಿ, ಹೌದು,
ಆದರ ಅಲ್ಲಿಂದ ದನಿ ಬರಂಗಿಲ್ಲ.

ಮೊದಲು ಚೆಂಡ ಹೂ ಸುತ್ತಿದೆ.
ದಸರಾದಾಗ ಘಟ ಕುಂಡ್ರಿಸಿದಂಗ ಕಂಡಿತು. ಬಿಚ್ಚಿದೆ.
ಮಲ್ಲಿಗಿ ಇಳಿಬಿಟ್ಟೆ. ಮದುವಿ ಹಂದರದ ಕಳಸ ಆತು.
ಅದನ್ನೂ ಬಿಚ್ಚಿದೆ.
ತಂಬಿಗಿ ಅಂದರ ಹೂವಿಗೆ ಹಬ್ಬದ್ದ ನೆನಪು;
ಇದು ಬ್ಯಾರೆ ಅಂತ ಅದಕ್ಕ ಹೆಂಗ ತಿಳಿಸಿ ಹೇಳಲಿ?
ಒಳಗ ಮಗ್ಗ ಸುಮ್ಮನಿತ್ತು.
ಮುಕ್ಕಾಲು ನೇದ ಸೀರಿ, ಮ್ಯಾಲೊಂದು ಹಳೇ ದುಪ್ಪಟಿ.

ಸಕ್ಕೂಬಾಯಿ ಎಳಿ ಹೊಸಿಯೂದನ್ನ ನಾ ನೋಡೀನಿ.
ಹಳೇ ಹಾಸಿನ ತುದಿ ಒಂದು, ಹೊಸ ಹಾಸಿನ ತುದಿ ಒಂದು,
ಬೆರಳಿಗೆ ಚಿಟಿಕಿ ಬೂದಿ. ಒಂದ ಸಲ ಹೊಸದರ ಮುಗೀತು,
ಗಂಟಿಲ್ಲ.
ಎಲ್ಲಿ ಒಂದು ತೀರಿತು, ಎಲ್ಲಿ ಇನ್ನೊಂದು ಸುರು ಆತು
ಉಟ್ಟಾಕಿಗೂ ಗೊತ್ತಾಗಂಗಿಲ್ಲ.
"ಬೂದಿ ಯಾಕ್ರಿ ಬಾಯಿ?"
"ಬೆವರು ಕುಡೀತೈತಿ. ಇಲ್ಲಾಂದ್ರ ಎಳಿ ಜಾರತೈತಿ."
ಉಳದ ತುಂಡು ನೂಲು ಚೀಲಕ್ಕ ತುಂಬಿ ನನಗ ಕೊಡತಿದ್ದಳು,
ಬದಲಿಗೆ ಒಂದು ಮೊಳ ಕಾಕಡಾ, ಜಗದಂಬಾಗ.
ಗದಗಿನ ಎಷ್ಟು ಜಡಿಯೊಳಗ
ಅಕಿ ನೂಲು ಬಾಡಿ ಬಿದ್ದಿರಬೇಕು.

ಮಾಲಿ ಕಟ್ಟೂದು ಬಿಟ್ಟೆ. ಹಾಸಿದೆ.
ಸುಗಂಧಿ ಕಡ್ಡಿ ಸಾಲಾಗಿ, ಉದ್ದಕ,
ತಂಬಿಗಿ ಬುಡದಿಂದ ಹಲಗಿ ತುದಿತನಕ,
ನಡುವ ಅಡ್ಡಡ್ಡ ದವನ, ಹೊಕ್ಕಿನಂಗ.
ಬುಡಕ್ಕ ಬಿಳಿ ಶಾವಂತಿಗಿ, ಒತ್ತೊತ್ತಾಗಿ; ತಾಮ್ರ ಮುಚ್ಚದಂಗ.
ಕಡ್ಡಿ ಜರಗದಂಗ ಅಕಿ ನೂಲು ಹಾಯಿಸಿದೆ.
ಎಲ್ಲಾ ತುಂಡು. ಜೋಡಿಸಬೇಕು, ಗಂಟು ಹಾಕಾಕ ಕೈ ಬರವಲ್ದು.
ಹೊಸದೆ, ಜಾರಿತು. ಹೊಸದೆ, ಜಾರಿತು.
ಬೂದಿ ಐತಿ, ಗೇಣು ದೂರದಾಗ,
ಅರಿವಿ ಬಿಗದು.

ಹಣಿ ಮುಟ್ಟಿಕೊಂಡೆ.
ಮುಂಜಾನಿ ಹಚ್ಚಿದ ವಿಭೂತಿ ಬೆವರಿನೊಳಗ ಒಂಚೂರು ಉಳದಿತ್ತು,
ಬೆರಳಿಗೆ ಬಂತು.
ಎಳಿ ಹಿಡೀತು.

ಈಚಿ ತುದಿಯೊಳಗ ನಾಕೆಂಟು ಎಳಿ ಹಂಗ ಬಿಟ್ಟೀನಿ.
ಮಗಳು ಬಂದು ಕುಂಡ್ರೂದು ಅಲ್ಲೆ.
ನಾರಾಯಣಸಾ ಎಷ್ಟಾತು ಅಂದ. ಚೀಲದ ಲೆಕ್ಕ ಇನ್ನೂ ತೀರಿಲ್ರಿ ಅಂದೆ.
ಅವನಿಗೆ ತಿಳೀಲಿಲ್ಲ. ಐನೂರು ಬುಟ್ಟಿಯಾಗ ಹಾಕಿದ.

ಗಾಡಿ ಎರಡು ತಾಸು ತಡ ಅಂತ.
ಬಿಸಲಿಗೆ ಶಾವಂತಿಗಿ ಮುಖ ಸಣ್ಣ ಮಾಡಾಕತ್ತಾವು.
ಬೊಗಸಿಲೆ ನೀರು ಚಿಮಕಿಸಿಕೋತ ಕುಂತೀನಿ,
ತಂಬಿಗಿಗೆ ಒಂದು ಹನೀನೂ ತಾಗದಂಗ.
ಕೊರ್ಲಹಳ್ಳಿ ಹೊಳಿ ನಾಳೆ.